ಗಡ್ಡೆಯೊಳಗಿನ ಮನೆಮಂದಿ

“ತಗದದ್ದು ಒಂದ ಗಡ್ಡಿ ಖರೆ, ಆದ್ರ ಒಳಗಿನ ಜೀವಕೋಶ ಒಂದ ಥರದವು ಅಲ್ರಿ,” ಎಂದರು ಡಾಕ್ಟರು. “ಕೆಲವು ಭರಭರ ಬೆಳೀತಾವ, ಕೆಲವು ಸುಮ್ಮನ ಮಲಕೊಂಡಿರ್ತಾವ. ಒಂದೊಂದಕ್ಕ ಒಂದೊಂದ ಔಷಧ ಬೇಕು.”

ಶಿವಾಜಿಯ ಕಿವಿಗೆ ಅದೇನೂ ಬೀಳಲಿಲ್ಲ. ಅವನ ಕಣ್ಣೆಲ್ಲ ಮಂಚದ ಮೇಲಿದ್ದ ಮಗಳು ಭಾಗ್ಯಾಳ ಮೇಲಿತ್ತು. ಮೆದುಳಿನ ಆಪರೇಷನ್ ಆದಾಗಿನಿಂದ ಆ ಏಳು ವರ್ಷದ ಹುಡುಗಿ ಒಂದು ಮಾತೂ ಆಡಿರಲಿಲ್ಲ. ಮಾತು ತಿರುಗಿ ಬರಬಹುದು, ಯಾವಾಗ ಅಂತ ಹೇಳಲಾಗದು ಎಂದು ಡಾಕ್ಟರು ಹೇಳಿದ್ದರು.

ಅವನ ತಾಯಿ ಭೀಮಾಬಾಯಿಗೆ ಮಾತ್ರ ಎಲ್ಲವೂ ತಿಳಿದುಬಿಟ್ಟಿತು. “ನಮ್ಮ ತೆಲಸಂಗದ ಮನಿ ಇದ್ದಂಗ ಅನ್ರಿ ಸಾಹೇಬ್ರ. ಭರಭರ ಬೆಳಿಯಾಕಿ ನಮ್ಮ ನೆಗೆಣ್ಣಿ, ನನ್ನ ಮೈದುನನ ಹೆಂಡ್ತಿ, ತಿಂಗಳಕ್ಕೊಂದ ಕುಬಸ ಬಿಗಿ ಆಕ್ಕೈತಿ ಅಕಿಗೆ. ಮಲಕೊಂಡಿರಾವ ಇಂವ, ನನ್ನ ಮಗ. ಹೊತ್ತು ನೆತ್ತಿಗೇರಿದ್ರೂ ಏಳಂಗಿಲ್ಲ.”

ನರ್ಸು ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದಳು. ಶಿವಾಜಿ ನಾಚಿ ಗೋಡೆಯ ಕಡೆ ಮುಖ ತಿರುಗಿಸಿದ. ಆಗ ಮಂಚದಿಂದ ಸಣ್ಣ ದನಿಯೊಂದು ಎಳೆದೆಳೆದು ಬಂತು. “ಅಪ್ಪಗ... ಯಾವ ಔಷಧ?”

ಡಾಕ್ಟರು ಥಟ್ಟನೆ ಹುಡುಗಿಯ ಕಡೆ ತಿರುಗಿದರು. ಶಿವಾಜಿ ಮಗಳ ಕೈ ಹಿಡಿದುಕೊಂಡು, ಕಣ್ಣು ಒರೆಸಿಕೊಳ್ಳುವುದನ್ನೂ ಮರೆತು, ತಾಯಿಗೆ ಅಂದ: “ಯವ್ವಾ, ನನಗ ಇನ್ನೊಂದೀಟ ಬೈ.”