ಮಾಣಿಕಪ್ಪ ಸುರಿದ ದಪ್ಪ ಎಣ್ಣೆ

ಎರಡು ನಿಮಿಷ ಬಿಡುವು ಮಾಡಿಕೊಂಡು ಓದಿ... 'ನನಗೆಲ್ಲಾ ಗೊತ್ತು' ಎನ್ನುವ ಹಿರಿಯರು ಮನೆಯಲ್ಲಿದ್ದರೆ ಅವರಿಗೂ ಓದಿಸಿ. ನಮ್ಮ ಮನೆಯಲ್ಲಿ ಆ ಹಿರಿಯ ನಾನೇ, ಅದಕ್ಕೇ ಮೊದಲು ನಾನೇ ಓದಿಕೊಂಡೆ!

ಬೀದರ್ ಕಡೆಯ ಒಂದು ಹಳ್ಳಿ. ಮಾಣಿಕಪ್ಪ ಮೂವತ್ತು ವರ್ಷ ಲಾರಿ ಓಡಿಸಿ ಈಗ ಮನೆಯಲ್ಲಿದ್ದವರು. ಮಗಳು ಜಗದೇವಿ ಪೆಟ್ರೋಲ್ ಪಿಕಪ್ ಇಟ್ಟುಕೊಂಡು ಅಂಗಡಿಗಳಿಗೆ ಬ್ರೆಡ್ಡು, ಟೋಸ್ಟು ಹಾಕುತ್ತಿದ್ದಳು.

ಗಾಡಿಯ ಪುಸ್ತಕದಲ್ಲಿ ಬರೆದಿದ್ದ 5W-30 ಎಂಬ ತೆಳು ಆಯಿಲ್ಲನ್ನೇ ಆಕೆ ಇಂಜಿನ್ನಿಗೆ ಹಾಕಿಸುವುದು. ಮಾಣಿಕಪ್ಪನವರಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ.

"ಇದೇನವ್ವ, ನೀರಿನಂಗ ಅದ! ಎಣ್ಣಿ ದಪ್ಪ ಇದ್ರೇ ಇಂಜಿನ್ ಗಟ್ಟಿ."

"ಅಪ್ಪಾ, ನಿನ್ನ ಲಾರಿ ಬ್ಯಾರೆ, ಇದು ಬ್ಯಾರೆ. ಥಂಡ್ಯಾಗ ದಪ್ಪ ಎಣ್ಣಿ ಲಗೂನ ಮ್ಯಾಲ ಏರಂಗಿಲ್ಲ."

ಕೇಳಬೇಕಲ್ಲ! ಒಂದು ಮಧ್ಯಾಹ್ನ ಮಗಳು ಮಲಗಿದ್ದಾಗ ಆ ಆಯಿಲ್ ಇಳಿಸಿ, ಲಾರಿಗೆ ಹಾಕುವ ದಪ್ಪ ಆಯಿಲ್ ಸುರಿದರು. ಸಾಲದ್ದಕ್ಕೆ ಅದಕ್ಕಿಂತಲೂ ದಪ್ಪನೆಯ ಗೇರ್ ಆಯಿಲನ್ನೂ ಬೆರೆಸಿದರು... ಹಳೆಯ ಲಾರಿಗಳ ಸದ್ದು ಅಡಗಿಸಲು ಡ್ರೈವರುಗಳು ಮಾಡುತ್ತಿದ್ದ ಉಪಾಯ ಅದು.

ಯಾರಿಗೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಆರು ಗಂಟೆ... ಜನವರಿಯ ಕೊರೆಯುವ ಚಳಿ. ಜಗದೇವಿಯ ಆರು ವರ್ಷದ ಮಗಳು ಪಲ್ಲವಿಗೆ ದಮ್ಮು ಏರಿತು. ಬಾಯಿಗೆ ಔಷಧಿಯ ಪಂಪು ಹೊಡೆದರೂ ಇಳಿಯಲಿಲ್ಲ. ತುಟಿ ನೀಲಿಯಾಗತೊಡಗಿತು...

ಆಸ್ಪತ್ರೆ ಹದಿನಾಲ್ಕು ಕಿಲೋಮೀಟರ್. ಫೋನ್ ಮಾಡಿದರೆ ಆಂಬುಲೆನ್ಸ್ ಬರಲು ಮುಕ್ಕಾಲು ಗಂಟೆ ಎಂದರು.

ಮಾಣಿಕಪ್ಪ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಜಗದೇವಿ ಕೀ ತಿರುಗಿಸಿದಳು. ಇಂಜಿನ್ ನರಳಿ ನರಳಿ ನಾಲ್ಕನೇ ಸಲಕ್ಕೆ ಸ್ಟಾರ್ಟ್ ಆಯಿತು. ಆದರೆ ಒಳಗಿನಿಂದ ಟಕ ಟಕ ಸದ್ದು... ಆಯಿಲ್ ಏರದಿದ್ದರೆ ಉರಿಯುವ ಕೆಂಪು ದೀಪ ಆರಲೇ ಇಲ್ಲ.

ಚಳಿಗೆ ಮಂದವಾದ ಎಣ್ಣೆ ಮೇಲಕ್ಕೆ ಏರುತ್ತಿಲ್ಲ, ಹೀಗೇ ಹೋದರೆ ನಡುದಾರಿಯಲ್ಲಿ ಇಂಜಿನ್ ಜಾಮ್ ಆಗುತ್ತದೆ ಎಂದು ಮಾಣಿಕಪ್ಪನವರಿಗೆ ಗೊತ್ತಾಯಿತು. ಆ ದಾರಿಯಲ್ಲಿ ಆ ಹೊತ್ತಿಗೆ ನರಪಿಳ್ಳೆಯೂ ಇರುವುದಿಲ್ಲ.

ಹೇಳಿದರೆ ಮಗಳು ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ... ಹೇಳದಿದ್ದರೆ?

ಅವರು ಯೋಚಿಸುತ್ತಿರುವಾಗಲೇ ಗಾಡಿ ಹೊರಟೇಬಿಟ್ಟಿತು.

"ಲೈಟ್ ಹಂಗೇ ಅದಲ್ಲ ಅಪ್ಪಾ... ಏನಾಗ್ಯಾದ?"

ಮಗುವಿನ ಎದೆ ಸುಯ್ ಸುಯ್ ಎನ್ನುತ್ತಿತ್ತು. ಮಾಣಿಕಪ್ಪ ಕಿರುಚಿಯೇಬಿಟ್ಟರು.

"ಬಂದ್ ಮಾಡವ್ವಾ! ನಾನೇ ಎಣ್ಣಿ ಬದಲಿ ಮಾಡೀನಿ... ಈ ಗಾಡಿ ದವಾಖಾನಿ ತನಾ ಮುಟ್ಟಂಗಿಲ್ಲ!"

ಜಗದೇವಿ ಒಂದು ಕ್ಷಣ ಅಪ್ಪನ ಮುಖ ನೋಡಿದಳು. ಗಾಡಿ ಬಂದ್ ಮಾಡಿ, ಮಗುವನ್ನು ಎತ್ತಿಕೊಂಡು ಊರಿನ ಹಾಲಿನ ಡೈರಿಗೆ ಓಡಿದಳು.

ಅಲ್ಲಿ ಹಾಲಿನ ಟೆಂಪೋಗೆ ಕ್ಯಾನ್ ಏರಿಸುತ್ತಿದ್ದರು. ಡ್ರೈವರ್ ಮೌಲಾಸಾಬ್ ಮಗುವಿನ ತುಟಿ ನೋಡಿದ್ದೇ ತಡ, ಉಳಿದ ಕ್ಯಾನುಗಳನ್ನು ಅಲ್ಲೇ ಬಿಟ್ಟು ಗಾಡಿ ಓಡಿಸಿದ.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಚ್ಚಿದರು. ಒಂದು ಗಂಟೆಯ ನಂತರ ಮಗುವಿನ ತುಟಿಗೆ ಬಣ್ಣ ಬಂತು.

ಆಮೇಲೆ ಬಸ್ಸಿನಲ್ಲಿ ಬಂದ ಮಾಣಿಕಪ್ಪ ವಾರ್ಡಿನ ಒಳಗೆ ಕಾಲಿಡಲಿಲ್ಲ. ಹೊರಗೆ ಗೋಡೆಗೆ ಒರಗಿ ಕುಕ್ಕರಗಾಲಲ್ಲಿ ಕುಳಿತರು. ಮಗಳು ಬಂದಾಗ ತಲೆ ಎತ್ತಲಿಲ್ಲ.

"ಬಯ್ಯವ್ವಾ... ಬೇಕಾದ್ರ ಎರಡು ಹೊಡಿ."

ಜಗದೇವಿ ಪಕ್ಕದಲ್ಲೇ ಕುಳಿತಳು.

"ಸಿಟ್ಟು ಭಾಳ ಅದ ಅಪ್ಪಾ. ಅದು ಇಳೀಲಾಕ ದಿನ ಬೇಕು. ಆದ್ರ ನೀ ಇನ್ನೊಂದು ಐದು ನಿಮಿಷ ಸುಮ್ಕ ಕುಂತಿದ್ರ... ಆ ಅಡವ್ಯಾಗ ಕೂಸಿನ್ನ ಹಿಡ್ಕೊಂಡು ನಾ ಯಾರಿಗಿ ಕರೀಬೇಕಿತ್ತು?"

ಮಾಣಿಕಪ್ಪ ಮಗಳ ಕೈ ಹಿಡಿದು ಬಿಕ್ಕಿ ಬಿಕ್ಕಿ ಅತ್ತರು.

ತಪ್ಪು ಒಪ್ಪಿಕೊಂಡರೆ ಮಾನ ಹೋದೀತು... ಮುಚ್ಚಿಟ್ಟರೆ ಜೀವವೇ ಹೋದೀತು.

ಮನೆಯವರಿಗೆ ಹೇಳಲು ಹೆದರಿ ನೀವು ಮುಚ್ಚಿಟ್ಟಿರುವ ತಪ್ಪು ಯಾವುದು? ಅದನ್ನು ಹೇಳಲು ಇನ್ನೂ ಯಾವ ಕೆಂಪು ದೀಪ ಹೊತ್ತಬೇಕು?