ಎರಡು ಅಂಗುಲ ಗಾಳಿ

ಫ್ರಿಜ್ಜಿನ ಪಕ್ಕದ ಹಲಗೆಗೆ ಅಂಗೈ ತಾಗಿಸಿದ ಬಡಗಿ ತಟ್ಟನೆ ಹಿಂದಕ್ಕೆಳೆದುಕೊಂಡ. ಹಲಗೆ ಕಾದ ಕಾವಲಿಯ ಹಾಗಿತ್ತು. ಬಾಗಿಲು ತೆರೆದರೆ ಒಳಗೆ ದೀಪವೇನೋ ಉರಿಯುತ್ತಿತ್ತು, ತಂಪು ಮಾತ್ರ ಇರಲಿಲ್ಲ. ಫ್ರೀಜರಿನಿಂದ ಇಳಿದ ನೀರು ಕೆಳಗಿನ ತಟ್ಟೆಗಳನ್ನೆಲ್ಲ ತೋಯಿಸಿತ್ತು.

"ದೀಪ ಉರೀತಿತ್ತಲ್ಲ ಮೇಸ್ತ್ರಿ, ಸರಿಯಾಗೇ ಇದೆ ಅಂದ್ಕೊಂಡ್ವಿ," ಎಂದ ಮನೆಯ ಯಜಮಾನ. ಹೆಗಲ ಮೇಲೆ ಅಂಗೈಯಗಲದ ಬೆನ್ನಿನ ಕೂಸು ಮಲಗಿತ್ತು. "ಬೆಳಿಗ್ಗೆ ರಿಪೇರಿಯವರು ಬಂದು ನೋಡಿದ್ರು. ಬಿಸಿ ಹೊರಗೆ ಹೋಗೋಕೆ ದಾರೀನೇ ಇಲ್ಲ, ಮೋಟಾರು ಕಾದು ಕಾದು ನಿಂತುಬಿಟ್ಟಿದೆ, ಮೊದಲು ಕಬೋರ್ಡು ಮಾಡಿದವರನ್ನ ಕರೆಸಿ ಅಂದ್ರು."

ಬಡಗಿಗೆ ಆ ದಿನ ಕಣ್ಣಿಗೆ ಕಟ್ಟಿದಂತಿತ್ತು. ನಾಲ್ಕು ತಿಂಗಳ ಹಿಂದೆ ಈ ಅಡುಗೆಮನೆಯ ಕೆಲಸ ನಡೆಯುವಾಗ ಯಜಮಾನನ ಹೆಂಡತಿ, ತುಂಬು ಹೊಟ್ಟೆಯ ಹೆಂಗಸು, ಸ್ಟೂಲಿನ ಮೇಲೆ ಕೂತು ಪ್ರತಿ ಮೊಳೆಯನ್ನೂ ನೋಡುತ್ತಿದ್ದಳು. ಫ್ರಿಜ್ಜು ಕಬೋರ್ಡಿನ ಸಾಲಿನೊಳಗೇ ಸೇರಿಹೋಗಬೇಕು, ಎಲ್ಲೂ ಸಂದಿ ಕಾಣಬಾರದು ಎನ್ನುವುದು ಅವಳ ಹಟ. "ಇದು ಬಿಡಿಯಾಗಿ ನಿಲ್ಲೋ ಫ್ರಿಜ್ಜು ತಾಯಿ. ಹಿಂದೆ ಎರಡು ಅಂಗುಲ, ಮೇಲೆ ಒಂದು ಗೇಣು ಬಿಡ್ಬೇಕು, ಬುಡದಲ್ಲಿ ಜಾಲರಿ ಕೂರಿಸ್ಬೇಕು," ಎಂದಿದ್ದ ಇವನು. ಅವಳು ನಕ್ಕಿದ್ದಳು. "ಸಂದಿ ಬಿಟ್ರೆ ಜಿರಲೆಗಳಿಗೆ ನಾನೇ ಮನೆ ಕಟ್ಟಿಸಿಕೊಟ್ಟ ಹಾಗಾಗುತ್ತೆ ಮೇಸ್ತ್ರಿ. ಬೇಡ, ಮುಚ್ಚಿಬಿಡಿ." ಅಂದು ಇನ್ನೊಂದು ಮನೆಯ ಕೆಲಸ ಕಾಯುತ್ತಿತ್ತು. "ನಿಮ್ಮಿಷ್ಟ," ಎಂದು ಮುಚ್ಚಿಬಿಟ್ಟಿದ್ದ. ಎರಡನೇ ಸಲ ಹೇಳಿರಲಿಲ್ಲ.

ಈಗ ಅವಳೇ ಬಂದು ತರಾಟೆಗೆ ತೆಗೆದುಕೊಳ್ಳಲಿ ಎಂದುಕೊಂಡು ಬಾಗಿಲ ಕಡೆ ನೋಡಿದ. "ಅಮ್ಮಾವ್ರು ಇಲ್ವಾ ಸಾರ್?"

ಯಜಮಾನ ಕೂಸಿನ ಬೆನ್ನು ತಟ್ಟುತ್ತ ಕಿಟಕಿಯತ್ತ ತಿರುಗಿದ. ಉತ್ತರ ಬಂದದ್ದು ಮೂಲೆಯಲ್ಲಿ ಕೂತಿದ್ದ ಅವನ ಅತ್ತೆಯಿಂದ.

"ಹೋದ್ಲಪ್ಪಾ ನನ್ನ ಮಗಳು. ಎರಡು ತಿಂಗಳು ಮುಂಚೇನೇ ಹೆರಿಗೆ ಆಯ್ತು. ಈ ಕೂಸಿಗೆ ಚೀಪೋ ಶಕ್ತಿ ಇರಲಿಲ್ಲ, ಆಸ್ಪತ್ರೆಯ ಗಾಜಿನ ಪೆಟ್ಟಿಗೇಲಿತ್ತು. ಅವಳು ಮನೇಲಿ ಕೂತು ಎದೆಹಾಲು ಹಿಂಡಿ, ಚೀಲ ಚೀಲಕ್ಕೆ ತುಂಬಿ, ತಾರೀಕು ಬರೆದು ಈ ಫ್ರಿಜ್ಜಿನೊಳಗೆ ಇಡ್ತಿದ್ಲು. ಇದು ಮನೆಗೆ ಬಂತು, ಅದೇ ವಾರ ಅವಳಿಗೆ ಜ್ವರ ಬಂತು. ನಾಲ್ಕೇ ದಿನ." ಮುದುಕಿ ಮಡಿಲಿನತ್ತ ನೋಡಿದಳು. "ದಿನಕ್ಕೊಂದು ಚೀಲ ಕರಗಿಸಿ ಕುಡಿಸ್ತಿದ್ದೆ. ಮಿಕ್ಕ ಹೊತ್ತಿಗೆ ಡಬ್ಬಿ ಹಾಲು. ಇನ್ನೂ ಹತ್ತೊಂಬತ್ತು ಇತ್ತು."

ಅವಳ ಮಡಿಲಲ್ಲಿ ಒಂದು ಬೋಗುಣಿಯಿತ್ತು. ಅದರ ತುಂಬ ಮೆತ್ತಗಾದ ಪುಟ್ಟ ಚೀಲಗಳು. ಮೇಲಿನ ಶಾಯಿ ನೀರಿಗೆ ಹರಡಿಕೊಂಡಿತ್ತು.

"ಆ ಹಲಗೆ ಬೆಚ್ಚಗಿರೋದು ನನಗೆ ವಾರದಿಂದ ಗೊತ್ತಿತ್ತು," ಎಂದಳು. "ಕೂಸಿನ ಬಟ್ಟೆ ಬೇಗ ಒಣಗುತ್ತೆ ಅಂತ ಅಲ್ಲೇ ಹರವ್ತಿದ್ದೆ."

ಯಜಮಾನ ತಿರುಗಿದ. ಕಣ್ಣು ಕೆಂಪಾಗಿದ್ದವು. "ಅತ್ತೆ, ನಿಮಗೇನು ಗೊತ್ತಾಗ್ಬೇಕು, ಬಿಡಿ. ಮೇಸ್ತ್ರಿ, ನೀವು ಹೇಳಿ. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀರಿ. ಗಾಳಿಗೆ ಜಾಗ ಬಿಡ್ಬೇಕು ಅಂತ ಗೊತ್ತಿರಲಿಲ್ವಾ?"

ಹೇಳಿದ್ದೆ ಸಾರ್, ಅವರೇ ಬೇಡ ಅಂದ್ರು. ಮಾತು ಬಡಗಿಯ ನಾಲಿಗೆಯ ತುದಿಗೆ ಬಂತು. ಮುದುಕಿ ತಲೆಯೆತ್ತಿ ಅವನನ್ನೇ ನೋಡುತ್ತಿದ್ದಳು. ಅಂದು ಮಗಳ ಸ್ಟೂಲಿನ ಪಕ್ಕದಲ್ಲಿ ಅವಳೂ ಕೂತಿದ್ದಳು.

"ಗೊತ್ತಿರಲಿಲ್ಲ ಸಾರ್," ಎಂದ. "ತಪ್ಪು ನಂದೇ."

ಯಜಮಾನ ಕೂಸನ್ನೆತ್ತಿಕೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಬಡಗಿ ಒಬ್ಬನೇ ಫ್ರಿಜ್ಜನ್ನು ಅಲುಗಿಸಿ ಅಲುಗಿಸಿ ಹೊರಗೆಳೆದ. ಹಿಂದಿನ ಹಲಗೆಯನ್ನು ಪೂರ್ತಿ ಕಿತ್ತ. ಮೇಲಿನದನ್ನು ಒಂದು ಗೇಣು ಕೊಯ್ದ. ಬುಡದ ಪಟ್ಟಿಯಲ್ಲಿ ಉದ್ದಕ್ಕೆ ಸೀಳು ತೆಗೆದು ಜಾಲರಿ ಕೂರಿಸಿದ. ಎರಡು ಗಂಟೆಯ ಕೆಲಸವೂ ಅಲ್ಲ. ಅಂದೇ ಮಾಡಿದ್ದರೆ ಇನ್ನೂ ಬೇಗ ಮುಗಿಯುತ್ತಿತ್ತು. ಮೋಟಾರು ಆರುವ ತನಕ ಕಾದು, ಹಿಂದೆ ಎರಡು ಅಂಗುಲ ಅಳೆದು ಬಿಟ್ಟು, ಫ್ರಿಜ್ಜನ್ನು ಒಳಗೆ ತಳ್ಳಿ ಸ್ವಿಚ್ಚು ಹಾಕಿದ. ಏನೂ ಆಗಿಲ್ಲವೆಂಬಂತೆ ಅದು ಗುಂಯ್ ಎಂದಿತು. ಸಂಜೆಯ ಹೊತ್ತಿಗೆ ಖಾಲಿ ಫ್ರೀಜರಿನ ಗೋಡೆಗಳ ಮೇಲೆ ಬಿಳಿಯ ಪೊರೆ ಕಟ್ಟತೊಡಗಿತ್ತು.

ಅವನು ಮರದ ಹುಡಿ ಗುಡಿಸಿ, ಉಳಿ ಗರಗಸ ಚೀಲಕ್ಕೆ ತುಂಬಿಕೊಂಡ. ಮುದುಕಿ ಬೆಳಗಿನಿಂದ ಕೂತಲ್ಲಿಂದ ಕದಲಿರಲಿಲ್ಲ. ಅವನು ಚೀಲ ಹೆಗಲಿಗೇರಿಸುವಾಗ ಎದ್ದು ಬಂದಳು. ಎರಡೂ ಕೈಯಲ್ಲಿ ಬೋಗುಣಿ ಹಿಡಿದಿದ್ದಳು. ಒಳಕೋಣೆಯಲ್ಲಿ ಕೂಸು ಹಸಿದು ಅಳತೊಡಗಿತ್ತು.

"ವಾಸನೆ ಬರ್ತಿದೆಯಪ್ಪಾ," ಎಂದಳು ಮೆಲ್ಲಗೆ. "ಇಟ್ಕೊಳ್ಳೋ ಹಾಗಿಲ್ಲ. ಎಲ್ಲಿ ಚೆಲ್ಲಲಿ ಇದನ್ನ?"