ಅಜ್ಜಿ ತಿಕ್ಕಿದ ಹರಳೆಣ್ಣೆ

ಮಗನ ಮಂಡಿಗೆ ಹರಳೆಣ್ಣೆ ತಿಕ್ಕುವಾಗಲೆಲ್ಲ ನನಗೆ ಯಲಹಂಕದ ಆ ಕಬಡ್ಡಿ ಮೈದಾನ ಕಣ್ಮುಂದೆ ಬರುತ್ತದೆ.

ಮುಂದೆ ರಾಜ್ಯ ತಂಡಕ್ಕೆ ಆಡಿದ ನನ್ನ ಚಿಕ್ಕಪ್ಪನಿಗೆ ಅವತ್ತು ಮೊದಲ ಫೈನಲ್. ಗೆದ್ದರೆ ಕಾರ್ಖಾನೆ ತಂಡದಲ್ಲಿ ಜಾಗ, ಜೊತೆಗೆ ಕೆಲಸ. ಹಿಡಿದವರ ಕೈ ಜಾರಲಿ ಅಂತ ಅಜ್ಜಿ ಅವನು ಮಲಗಿದ್ದಾಗಲೇ ಕಾಲಿಗೆಲ್ಲ ಹರಳೆಣ್ಣೆ ತಿಕ್ಕಿಬಿಟ್ಟಿದ್ದಳು. ಎಷ್ಟು ತೊಳೆದರೂ ಜಿಡ್ಡು ಹೋಗಿರಲಿಲ್ಲ.

ಅಂಪೈರ್ ಮುಟ್ಟಿ ನೋಡಿದರು. "ಎಣ್ಣೆ ಹಚ್ಕೊಂಡು ಆಡಂಗಿಲ್ಲ ಕಣಪ್ಪ!"

ಚಿಕ್ಕಪ್ಪ ಕೆಮ್ಮಣ್ಣಲ್ಲಿ ಎಮ್ಮೆ ಥರ ಹೊರಳಾಡಿ ಎದ್ದ. "ಈಗ ಮುಟ್ಟಿ ಸಾರ್!" ಮೈದಾನವೆಲ್ಲ ಶಿಳ್ಳೆ!

ಕೊನೆಯ ರೈಡಿನಲ್ಲಿ ನಾಲ್ವರು ಅವನ ಕಾಲು ಹಿಡಿದರು. ಮಣ್ಣು ಮೆತ್ತಿದ ಕಾಲು ಜಾರಲೇ ಇಲ್ಲ. ನಾಲ್ವರನ್ನೂ ಎಳೆದುಕೊಂಡೇ ಬಂದು ನಡುಗೆರೆ ಮುಟ್ಟಿದ. ಕಿರುಚಿ ಕಿರುಚಿ ನನ್ನ ಗಂಟಲೇ ಕಟ್ಟಿತು.

ಅಜ್ಜಿ ಬಾಗಿಲಲ್ಲೇ ಕಾಯುತ್ತಿದ್ದಳು. "ಕಾಲು ಜಾರ್ತೇನೋ?"

"ಹೂನಮ್ಮ, ಒಬ್ಬನ ಕೈಗೂ ಸಿಗ್ಲಿಲ್ಲ" ಅಂದ ಚಿಕ್ಕಪ್ಪ, ಉಗುರಿನ ಗೀರುಗಳ ಮೇಲೆ ಲುಂಗಿ ಇಳಿಬಿಡುತ್ತಾ.